ಕಿವಿಗೆ ಮದ್ದು ಬಿಡುವ ಮೊದಲು

ಆಟಿಯ ಮಳೆ ಹಿಡಿದು ನಾಲ್ಕು ದಿನ ಆಗಿಲ್ಲ, ನಿನ್ನ ಕಿರುಬೆರಳು ಆಗಲೇ ಕಿವಿಯೊಳಗೆ ಹೋಗಿದೆ. ಗಡಗಡ ಅಲ್ಲಾಡಿಸಿ, ಕಣ್ಣು ಮುಚ್ಚಿ ಸುಖಪಟ್ಟು, ಬೆರಳು ಹೊರಗೆ ತೆಗೆದು ನೋಡಿ, ಚಡ್ಡಿಗೆ ಒರಸಿ ಮತ್ತೆ ಒಳಗೆ. ಜಗಲಿಯಲ್ಲಿ ಕೂತು ನಾನು ನೋಡುತ್ತಲೇ ಇದ್ದೇನೆ ಮಗಾ. ನಾಳೆ ಬೆರಳು ಸಾಲದೆ ಬೈಕಿನ ಕೀ ಹೋಗುತ್ತದೆ. ನಾಡಿದ್ದು ಹಿಡಿಸೂಡಿ ಕಡ್ಡಿ. ಅದರ ಮರುದಿನ ಕಿವಿ ಬೀಗಿ, ದವಡೆ ಆಡಿಸಿದರೆ ಜೀವ ಹೋಗುವಷ್ಟು ನೋವು. ಆಗ ಮೆಡಿಕಲ್ಲಿಗೆ ಓಡಿ, "ಕಿವಿಗೆ ಬಿಡ್ಲಿಕ್ಕೆ ಎಂತಾದ್ರೂ ಒಂದು ಡ್ರಾಪ್ಸ್ ಕೊಡಿ" ಅನ್ನುತ್ತೀ.

ಆ "ಎಂತಾದ್ರೂ ಒಂದು" ಎಂಬ ಮಾತನ್ನು ನಾನು 40 ವರ್ಷ ಕೇಳಿದ್ದೇನೆ. ಬಂಟ್ವಾಳ ಪೇಟೆಯಲ್ಲಿ ಶುರು, ನಡುವೆ ಬೆಳ್ತಂಗಡಿ, ಕೊನೆಗೆ ಮೂಡುಬಿದಿರೆ. ಮೂರು ಊರಲ್ಲೂ ಮದ್ದಿನಂಗಡಿಯ ಮೇಜಿನ ಹಿಂದೆ ನಿಂತವ ನಾನು. ಬಂಟ್ವಾಳದಲ್ಲಿ ಮಳೆ ಬಿಟ್ಟು ನೇತ್ರಾವತಿ ತಿಳಿಯಾದ ಮೇಲೆ ಹೊಳೆಯಲ್ಲಿ ಮುಳುಗಿ ಎದ್ದ ಹುಡುಗರು ತಲೆ ಓರೆ ಮಾಡಿಕೊಂಡು ಬರುತ್ತಿದ್ದರು. ಬೆಳ್ತಂಗಡಿಯಲ್ಲಿ ಘಟ್ಟದ ಬುಡದ ತೋಟಗಳಿಂದ ಅಡಿಕೆಗೆ ಮದ್ದು ಬಿಡುವವರು. ದಿನವಿಡೀ ಒದ್ದೆ ತಲೆ, ಮುಟ್ಟಾಳೆಯ ಅಂಚಿನಿಂದ ಕಿವಿಗೆ ತೊಟ್ಟಿಕ್ಕುವ ನೀರು. ಮೂಡುಬಿದಿರೆಯಲ್ಲಿ ಹಾಸ್ಟೆಲಿನ ಮಕ್ಕಳು. ಸ್ನಾನ ಮಾಡಿ ಕಿವಿ ಆರುವ ಮೊದಲೇ ಇಯರ್‌ಫೋನ್ ತುರುಕಿ, ರಾತ್ರಿ ಅದನ್ನೇ ಇಟ್ಟುಕೊಂಡು ನಿದ್ದೆ. ತುಳುವಿನಲ್ಲಿ ಕೆಬಿ ಅನ್ನು, ಹವ್ಯಕರ ಮನೆಯಲ್ಲಿ ಕೆಮಿ ಅನ್ನು, ನೋವಿನ ಮುಖ ಎಲ್ಲರದೂ ಒಂದೇ.

ಕಿವಿಯ ತೂತಿನಿಂದ ತಮಟೆಯವರೆಗಿನ ಓಣಿ ಎಷ್ಟು ಉದ್ದ ಗೊತ್ತುಂಟಾ? ಸುಮಾರು ಎರಡೂವರೆ ಸೆಂಟಿಮೀಟರ್. ನಿನ್ನ ಹೆಬ್ಬೆರಳಿನ ಒಂದು ಗೆಣ್ಣಿಗಿಂತ ಹೆಚ್ಚಿಲ್ಲ. ಅದರ ಹೊರಗಿನ ಭಾಗದಲ್ಲಿ ಗುಗ್ಗೆ ಹುಟ್ಟುತ್ತದೆ. ನೀನು ಅದನ್ನು ಕೊಳೆ ಅಂತ ತಿಳಿದು ಗೋರಿ ತೆಗೆಯುತ್ತೀ. ನಿಜಕ್ಕೂ ಅದು ಒಳಗಿನ ಚರ್ಮಕ್ಕೆ ಬಳಿದ ಎಣ್ಣೆ. ತುಸು ಹುಳಿ ಗುಣ ಅದಕ್ಕೆ; ರೋಗಾಣು ಸುಲಭದಲ್ಲಿ ಬೇರೂರಲು ಬಿಡುವುದಿಲ್ಲ. ತಾನಾಗಿ ಮೆಲ್ಲಮೆಲ್ಲ ಹೊರಗೆ ಸರಿದು ಬೀಳುತ್ತದೆ. ಇನ್ನೂ ಒಳಗೆ ಎಲುಬಿನ ಮೇಲೆ ತೀರಾ ತೆಳು ಚರ್ಮ, ಮುಟ್ಟಿದರೆ ಗೀರುವಂಥದ್ದು. ಗುಗ್ಗೆ ಕೆರೆದು, ನೀರು ನಿಲ್ಲಿಸಿ, ಉಗುರಿನಿಂದ ಒಂದು ಗೀರು ಹಾಕಿ, ಮೇಲಿಂದ ಇಯರ್‌ಫೋನಿನ ಬಿರಡೆ ಹೊಡೆದರೆ ಮತ್ತೇನು ಬೇಕು? ವರ್ಷಕ್ಕೆ 4,000 ಮಿಲಿಮೀಟರ್ ಸುತ್ತಮುತ್ತ ಮಳೆ ಬೀಳುವ ನಮ್ಮ ಊರಲ್ಲಿ ಚರ್ಮದ ಚಪ್ಪಲಿಗೇ ವಾರದಲ್ಲಿ ಬೂಷ್ಟು ಬರುತ್ತದೆ. ಕಿವಿ ಬಿಡುತ್ತದಾ?

ಈಗ ನಿನ್ನ "ಎಂತಾದ್ರೂ ಒಂದು" ಡ್ರಾಪ್ಸಿಗೆ ಬರುತ್ತೇನೆ. ಕಿವಿ ಕಟ್ಟಿದೆ, ತುರಿಸುತ್ತದೆ, ನೋವುಂಟು — ಇಷ್ಟು ಹೇಳಿದರೆ ಒಳಗೆ ಮೂರು ನಮೂನೆಯ ಸಂಗತಿ ಇರಬಹುದು. ಬ್ಯಾಕ್ಟೀರಿಯಾದ ಸೋಂಕಾದರೆ ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯೋಟಿಕ್ ಡ್ರಾಪ್ಸ್. ಬೂಷ್ಟು ಕೂತಿದ್ದರೆ ಕ್ಲೋಟ್ರಿಮಜೋಲ್. ಆ ಬೂಷ್ಟು ಒಳಗೆ ಒದ್ದೆ ಪೇಪರಿನ ಚೂರಿನಂತೆ ಬೆಳ್ಳಗೆ, ಮೇಲೆ ಕರಿ ಚುಕ್ಕೆ ಇಟ್ಟ ಹಾಗೆ ಕಾಣುತ್ತದೆ. ಬರೀ ಗುಗ್ಗೆ ಗಟ್ಟಿಯಾಗಿದ್ದರೆ ಕರಗಿಸುವ ಡ್ರಾಪ್ಸ್. ಒಂದಕ್ಕೆ ಇನ್ನೊಂದು ಬಿಟ್ಟರೆ ಗುಣ ಇಲ್ಲ, ಕೇಡು ಉಂಟು. ಬೂಷ್ಟಿಗೆ ಆಂಟಿಬಯೋಟಿಕ್, ಸ್ಟೀರಾಯ್ಡ್ ಡ್ರಾಪ್ಸ್ ಬಿಡುತ್ತಾ ಹೋದರೆ ಅದು ಇನ್ನೂ ಕೊಬ್ಬುತ್ತದೆ. ಗುಗ್ಗೆ ಕರಗಿಸುವ ಕೆಲವು ಡ್ರಾಪ್ಸಿನಲ್ಲಿ ಟರ್ಪೆಂಟೈನ್ ಎಣ್ಣೆ ಇರುತ್ತದೆ. ಹುಣ್ಣಾದ ಚರ್ಮಕ್ಕೆ ಅದು ಬಿದ್ದರೆ ಮೆಣಸು ಅರೆದು ಹಾಕಿದಂತೆ ಉರಿ. ಇನ್ನು ತಮಟೆಯ ಹಿಂದುಗಡೆ, ನಡುಗಿವಿಯಲ್ಲಿ ಕೀವು ಇದ್ದರೆ ಯಾವ ಡ್ರಾಪ್ಸೂ ಅಲ್ಲಿಗೆ ತಲುಪುವುದಿಲ್ಲ; ಗಟ್ಟಿ ತಮಟೆ ದಾಟಿ ಹೋಗಲು ಅದಕ್ಕೆ ದಾರಿಯಿಲ್ಲ. ಶೀತ ಜ್ವರದ ನಡುವೆ ಸಣ್ಣ ಮಕ್ಕಳು ರಾತ್ರಿ ಕಿವಿ ಹಿಡಿದು ಅಳುವುದು ಹೆಚ್ಚಾಗಿ ಇದೇ ಬಾಬ್ತು. ಹೊರಗಿನಿಂದ ನೋಡಿ ಇವನ್ನೆಲ್ಲ ಹೇಳುವುದು ನನ್ನಿಂದಲೂ ಆಗುವುದಿಲ್ಲ, ನಿನ್ನಿಂದಲೂ ಆಗುವುದಿಲ್ಲ. ಕಿವಿಯೊಳಗೆ ಬೆಳಕು ಬಿಟ್ಟು ಒಬ್ಬರು ನೋಡಲೇಬೇಕು.

ಸರಿಯಾದ ಮದ್ದನ್ನು ಸರಿಯಾಗಿ ಬಿಡಬೇಕೆಂಬುದು ನಮ್ಮವರಿಗೆ ತಿಳಿಯದ ವಿಷಯವೇ ಅಲ್ಲ. ಅಡಿಕೆಗೂ ಮದ್ದು ಬಿಡುವುದು ಅನ್ನುತ್ತೇವೆ, ಕಿವಿಗೂ ಮದ್ದು ಬಿಡುವುದು ಅನ್ನುತ್ತೇವೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುವಾಗ ನಿನ್ನ ಅಪ್ಪ ಎಷ್ಟು ನಾಜೂಕು! ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಬೇರೆ ಬೇರೆ ಪಾತ್ರೆಯಲ್ಲಿ ಕರಗಿಸಿ ಆಮೇಲೆ ಸೇರಿಸಬೇಕು. ಅಳತೆ ತಪ್ಪಿದರೆ ಎಳೆಕಾಯಿ ಸುಡುತ್ತದೆ ಎಂಬ ಭಯ ಉಂಟು. ಗೊನೆ ಒದ್ದೆ ಇದ್ದರೆ ಮದ್ದು ಅಂಟುವುದಿಲ್ಲ ಅಂತ ಬಿಸಿಲಿಗೆ ಕಾಯುತ್ತಾನೆ. ಅದೇ ಮನುಷ್ಯ ಸಂಜೆ ಮನೆಗೆ ಬಂದು, ಕೀವು ತುಂಬಿದ ಕಿವಿಗೆ ಯಾರದೋ ಹಳೆ ಬಾಟ್ಲಿಯಿಂದ ಲೆಕ್ಕವಿಲ್ಲದೆ ಸುರಿಯುತ್ತಾನೆ. ಕೀವಿನ ಮೇಲೆ ಬಿದ್ದ ಮದ್ದೂ ಅಷ್ಟೇ ಮಾರಾಯ, ಚರ್ಮಕ್ಕೆ ತಾಗುವುದೇ ಇಲ್ಲ. ಅದಕ್ಕೇ ಡಾಕ್ಟ್ರು ಮೊದಲು ಒಳಗಿನದನ್ನೆಲ್ಲ ಹೀರಿ ತೆಗೆದು ಶುದ್ಧ ಮಾಡುತ್ತಾರೆ. ಬೂಷ್ಟಿಗಂತೂ ಅರ್ಧ ಚಿಕಿತ್ಸೆ ಅದೇ. ಓಣಿ ಬೀಗಿ ಮುಚ್ಚಿಹೋಗಿದ್ದರೆ ಸಣ್ಣ ಬತ್ತಿಯೊಂದನ್ನು ಒಳಗಿಟ್ಟು ಅದಕ್ಕೆ ಮದ್ದು ಬಿಡಲು ಹೇಳುತ್ತಾರೆ. ಆ ಬತ್ತಿ ಕಿರಿಕಿರಿ ಅಂತ ನೀನೇ ಎಳೆದು ತೆಗೆಯಬೇಡ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಕಾರಣ ಉಂಟು. ಅದನ್ನು ಇವತ್ತು ನಿನಗೆ ಹೇಳಿಬಿಡುತ್ತೇನೆ.

ಬೆಳ್ತಂಗಡಿಯಲ್ಲಿದ್ದಾಗ ಒಬ್ಬ ಅಡಿಕೆ ಮರ ಹತ್ತುವವ ಬರುತ್ತಿದ್ದ. ಗಟ್ಟಿ ಆಳು. ಮರದಿಂದ ಮರಕ್ಕೆ ಬಾಗಿಸಿ ದಾಟಿದರೆ ಕೆಳಗೆ ನಿಂತವರ ಎದೆ ನಡುಗಬೇಕು. ಅವನಿಗೆ ಸಣ್ಣಂದಿನಿಂದ ಕಿವಿ ಸೋರುವ ಕಾಯಿಲೆ. ಮಳೆಗಾಲ ಬಂತೆಂದರೆ ಶುರು. ಪಕ್ಕದ ಮನೆಯವರಿಗೆ ಗುಣ ಆಯಿತೆಂದು ಅದೇ ಜೆಂಟಾಮೈಸಿನ್ ಡ್ರಾಪ್ಸಿನ ಖಾಲಿ ಬಾಟ್ಲಿ ತಂದು ತೋರಿಸಿದ. ಡಾಕ್ಟರ ಚೀಟಿ ಇರಲಿಲ್ಲ. ನಾನು ಕೊಟ್ಟೆ. ಹದಿನೈದು ದಿನ ಬಿಟ್ಟು ಇನ್ನೊಂದು ಕೇಳಿದ, ಕೊಟ್ಟೆ. ಆಟಿ ಕಳೆದು ಸೋಣದಲ್ಲಿ ಮೂರನೆಯದೂ ಕೊಟ್ಟೆ. ಒಂದು ದಿನ, "ಇದು ಬಿಟ್ಟ ಕೂಡಲೇ ಗಂಟಲಲ್ಲಿ ಕಹಿ ಆಗ್ತದೆ" ಅಂದಿದ್ದ. ಅಂಗಡಿಯಲ್ಲಿ ಜನ ಇದ್ದರು, ಆ ಮಾತನ್ನು ನಾನು ಕೇಳಿಯೂ ಕೇಳಲಿಲ್ಲ. ಕಿವಿಗೆ ಬಿಟ್ಟ ಮದ್ದಿನ ರುಚಿ ಗಂಟಲಿಗೆ ಬಂದರೆ ತಮಟೆಯಲ್ಲಿ ತೂತು ಉಂಟು ಎಂದೇ ಲೆಕ್ಕ. ಆ ತೂತಿನಿಂದ ಮದ್ದು ನಡುಗಿವಿಗೆ ಇಳಿದು ಒಳಗಿವಿಗೂ ತಾಗುತ್ತದೆ. ಜೆಂಟಾಮೈಸಿನ್, ನಿಯೋಮೈಸಿನ್ ಜಾತಿಯ ಮದ್ದು ಒಳಗಿವಿಗೆ ವಿಷ. ಜೆಂಟಾಮೈಸಿನ್ ಅಂತೂ ಕೇಳುವ ಶಕ್ತಿಗಿಂತ ಮೊದಲು ಮೈಯ ಸಮತೋಲಕ್ಕೇ ಏಟು ಹಾಕುತ್ತದೆ.

ತೆನೆಹಬ್ಬ ಕಳೆದ ಮೇಲೆ ಅವನು ಅಂಗಡಿಗೆ ಬಂದಾಗ ಹೆಂಡತಿಯ ಹೆಗಲು ಹಿಡಿದು ಮೆಟ್ಟಿಲು ಹತ್ತಿದ. ಗದ್ದೆಯ ಹುಣಿಯ ಮೇಲೆ ನಡೆಯಲಾಗುವುದಿಲ್ಲ, ಕತ್ತಲಾದರೆ ಗೋಡೆ ಬೇಕು ಅಂದ. ಮರ ಹತ್ತುವ ಮಾತು ಅವನೂ ಆಡಲಿಲ್ಲ, ನಾನೂ ಆಡಲಿಲ್ಲ. ಆಮೇಲೆ ಅವನು ಬೀಡಿ ಕಟ್ಟುವ ಹೆಂಡತಿಯ ಜೊತೆ ಕೂತು ಎಲೆ ಕತ್ತರಿಸಿಕೊಡುತ್ತಿದ್ದ. ನಾನು ಅವತ್ತಿನಿಂದ ಚೀಟಿ ಇಲ್ಲದೆ ಕಿವಿಯ ಡ್ರಾಪ್ಸ್ ಕೊಟ್ಟಿಲ್ಲ. ಜನ ಬೈದಿದ್ದಾರೆ, ಎದುರಿನ ಅಂಗಡಿಗೆ ಹೋಗಿದ್ದಾರೆ, ಹೋಗಲಿ.

ಆಂಟಿಬಯೋಟಿಕ್ ಡಬ್ಬಿಗಳ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ನೋಡಿದ್ದೀಯಲ್ಲ? ಡಾಕ್ಟರ ಚೀಟಿ ಇಲ್ಲದೆ ತೆಗೆದುಕೊಳ್ಳಬಾರದು ಎಂಬುದಕ್ಕೆ ಗುರುತು ಅದು. 2016ರಲ್ಲಿ ಸರ್ಕಾರ ಅದಕ್ಕೆಂದೇ ಪ್ರಚಾರ ಮಾಡಿತ್ತು. ನೀನು ಮೊಬೈಲಿನಲ್ಲಿ ಊರಿಗಿಲ್ಲದ್ದನ್ನೆಲ್ಲ ಓದುತ್ತೀ, ಕೈಯಲ್ಲಿರುವ ಡಬ್ಬಿ ಓದುವುದಿಲ್ಲ. ಬಂಟ್ವಾಳದಲ್ಲೂ ಬೆಳ್ತಂಗಡಿಯಲ್ಲೂ ತಾಲೂಕು ಆಸ್ಪತ್ರೆ ಉಂಟು, ಮೂಡುಬಿದಿರೆಯಲ್ಲೂ ಸರ್ಕಾರಿ ಆಸ್ಪತ್ರೆ ಉಂಟು. ಅಲ್ಲಿ ಆಗದ್ದಾದರೆ ಮಂಗಳೂರಿನ ವೆನ್‌ಲಾಕಿಗೆ ಬರೆದುಕೊಡುತ್ತಾರೆ. 1848ರಿಂದ ಇರುವ ಆಸ್ಪತ್ರೆ, ಬಡವರ ಕೈ ಬಿಟ್ಟದ್ದಿಲ್ಲ. ಡಾಕ್ಟರ ಎದುರು ಕೂತಾಗ ಎರಡು ಮಾತು ಮರೆಯದೆ ಹೇಳು: ಮೊದಲು ಯಾವಾಗಾದರೂ ಕಿವಿ ಸೋರಿತ್ತಾ, ಆಪರೇಶನ್ ಆಗಿತ್ತಾ ಎಂಬುದು ಒಂದು, ಮನೆಯಲ್ಲಿ ಈಗಾಗಲೇ ಏನೇನು ಬಿಟ್ಟಿದ್ದೀ ಎಂಬುದು ಇನ್ನೊಂದು. ನಾಚಿಕೆ ಪಡಬೇಡ. ಬೆಳ್ಳುಳ್ಳಿ ಎಣ್ಣೆಯಿಂದ ಹಿಡಿದು ತಾಯಿಯ ಹಾಲಿನವರೆಗೆ ಅವರು ಎಲ್ಲ ಕೇಳಿದ್ದಾರೆ.

ಸರಿ, ಚೀಟಿ ಬಂತು, ಬಾಟ್ಲಿ ಬಂತು. ಇನ್ನು ನಿನ್ನ ಅವಸರದ ಸರದಿ. ನೀನು ನಿಂತಲ್ಲೇ ಕತ್ತು ಓರೆ ಮಾಡಿ ನಾಲ್ಕು ತೊಟ್ಟು ಹಿಂಡಿ, ಮುಂದಿನ ಕ್ಷಣಕ್ಕೆ ಬೈಕು ಹತ್ತುವವ. ಆ ಮದ್ದು ಕಿವಿಗಿಂತ ಹೆಚ್ಚು ನಿನ್ನ ಕಾಲರಿಗೆ ಹೋಗಿರುತ್ತದೆ. ಇಲ್ಲಿ ಬಾ, ಚಾಪೆ ಹಾಸು.

ಕೈ ತೊಳಿ. ಬಾಟ್ಲಿಯನ್ನು ಮುಷ್ಟಿಯೊಳಗೆ ಮುಚ್ಚಿ ಎರಡು ಮೂರು ನಿಮಿಷ ಹಿಡಿದುಕೋ. ಹಂಡೆಯ ಬಿಸಿನೀರಿಗೆ ಹಾಕಬೇಡ, ಒಲೆದಂಡೆಯ ಮೇಲೆ ಇಡಬೇಡ. ನಿನ್ನ ಮೈಯ ಬಿಸಿ ಸಾಕು. ತಣ್ಣಗಿನ ಮದ್ದು ಬಿದ್ದರೆ ಮಾಡು ತಿರುಗಿದಂತೆ ಆಗಿ ವಾಂತಿ ಬರುತ್ತದೆ. ಇದರ ಹಿಂದೆ ದೊಡ್ಡ ಕತೆ ಉಂಟು. ವಿಯೆನ್ನಾದಲ್ಲಿ ರಾಬರ್ಟ್ ಬಾರಾನಿ ಎಂಬ ಕಿವಿ ಡಾಕ್ಟರಿದ್ದರು. ಕಿವಿಗೆ ನೀರು ಹಾಯಿಸಿ ತೊಳೆಯುವಾಗ ನೀರು ತಣ್ಣಗಿದ್ದರೆ ರೋಗಿಗಳು ತಲೆ ತಿರುಗುತ್ತದೆ ಅನ್ನುತ್ತಿದ್ದರು. ಬಿಸಿ ಹೆಚ್ಚಾದರೆ ಆಗಲೂ ತಿರುಗುತ್ತಿತ್ತು, ಆದರೆ ಕಣ್ಣಾಲಿ ಅದುರುವ ದಿಕ್ಕು ಉಲ್ಟಾ. ಆ ಜಾಡು ಹಿಡಿದು ಹೋಗಿ, ಒಳಗಿವಿ ಮೈಯ ಸಮತೋಲವನ್ನು ಹೇಗೆ ಕಾಯುತ್ತದೆಂದು ಪರೀಕ್ಷಿಸುವ ದಾರಿ ಕಂಡುಹಿಡಿದರು. 1914ರ ನೊಬೆಲ್ ಬಹುಮಾನ ಅವರಿಗೆ ಬಂದದ್ದು ಅದಕ್ಕೇ. ನನ್ನ ಅಡಿಕೆ ಮರದವ ಕಳಕೊಂಡದ್ದು ಆ ಸಮತೋಲವನ್ನೇ.

ಈಗ ನೋವಿನ ಕಿವಿ ಮೇಲೆ ಬರುವಂತೆ ಮಗ್ಗುಲಾಗಿ ಮಲಗು. ಮದ್ದು ಬಿಡುವ ಕೆಲಸ ನಿನಗೆ ಬೇಡ, ಅಜ್ಜಿ ಬಿಡಲಿ. ಕಾಣದ ತೂತಿಗೆ ತಾನೇ ಬಿಟ್ಟುಕೊಳ್ಳುವವನ ಅರ್ಧ ಮದ್ದು ಕೆನ್ನೆಗೆ. ಮದ್ದು ಕದಡಿದಂತೆ ಬೆಳ್ಳಗಿದ್ದು, ಕುಲುಕಿ ಬಳಸಿ ಎಂದು ಬರೆದಿದ್ದರೆ ಕುಲುಕಬೇಕು. ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು. ಶಾಲೆಯಲ್ಲಿ ಮೇಷ್ಟ್ರು ನಿನ್ನ ಕಿವಿ ಹಿಂಡಿ ಎಬ್ಬಿಸುತ್ತಿದ್ದರಲ್ಲ, ಅದೇ ದಿಕ್ಕು. ಡೊಂಕು ಓಣಿ ಆಗ ನೇರ ಆಗುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಕೆಳಕ್ಕೂ ಹಿಂದಕ್ಕೂ. ಬಾಟ್ಲಿಯ ಮೂತಿ ಕಿವಿಗೆ ತಾಗಬಾರದು. ತಾಗಿದರೆ ಕೀವಿನ ರೋಗಾಣು ಬಾಟ್ಲಿಯೊಳಗೆ ಹೋಗಿ ಕೂರುತ್ತದೆ. ಚೀಟಿಯಲ್ಲಿ ಬರೆದಷ್ಟೇ ತೊಟ್ಟು, ಓಣಿಯ ಗೋಡೆಗುಂಟ ಇಳಿದು ಹೋಗುವಂತೆ. ಆಮೇಲೆ ಕಿವಿತೂತಿನ ಎದುರಿಗೆ ಪುಟ್ಟ ಮೆತ್ತನೆ ಗುಬುಟು ಉಂಟಲ್ಲ, ಅದನ್ನು ನಾಲ್ಕೈದು ಸಲ ಮೆಲ್ಲ ಒತ್ತಿ ಬಿಡಬೇಕು. ಒಳಗೆ ಸಿಕ್ಕಿಬಿದ್ದ ಗಾಳಿ ಹೊರಗೆ ಬಂದು ಮದ್ದು ತಳಕ್ಕೆ ಇಳಿಯುತ್ತದೆ.

ಇನ್ನು ಐದು ನಿಮಿಷ ಏಳಬಾರದು. ನಿನಗೆ ಕಷ್ಟದ ಭಾಗ ಇದೇ. ಯಕ್ಷಗಾನದ ಒಂದು ಪದ ಹಾಕುತ್ತೇನೆ, ಜಗಲಿಯಲ್ಲಿ ಎಲ್ಲರಿಗೂ ಕೇಳುವಂತೆ. ಭಾಗವತರು ಮುಗಿಸುವವರೆಗೆ ಮಲಗಿರು. ಎದ್ದ ಮೇಲೆ ಹೊರಗೆ ಹರಿದದ್ದನ್ನು ಒರಸಿಕೋ. ಹತ್ತಿ ಗಿಡಿದು ತುಂಬಬೇಡ, ಅದು ಮದ್ದನ್ನೆಲ್ಲ ಹೀರಿಬಿಡುತ್ತದೆ. ಎರಡೂ ಕಿವಿಗೆ ಹೇಳಿದ್ದರೆ ಇನ್ನೊಂದು ಮಗ್ಗುಲಿಗೆ ಇನ್ನೊಂದು ಪದ.

ಮದ್ದು ನಡೆಯುವಷ್ಟು ದಿನ ಕಿವಿಗೆ ನೀರು ಹೋಗಬಾರದು. ಸ್ನಾನಕ್ಕೆ ಹೋಗುವಾಗ ಹತ್ತಿಗೆ ವ್ಯಾಸಲಿನ್ ಸವರಿ ಕಿವಿಯ ಬಾಯಿಗಷ್ಟೇ ಇಟ್ಟುಕೋ, ಬಂದ ಕೂಡಲೇ ತೆಗಿ. ಹೊಳೆ, ಕೆರೆ, ಈಜುಕೊಳ ಬಂದ್. ಇಯರ್‌ಫೋನು ಕಪಾಟಿನಲ್ಲಿರಲಿ. ಗುಣವಾದ ಮೇಲೂ ತಲೆಗೆ ನೀರು ಹೊಯ್ದುಕೊಂಡರೆ ಕಿವಿ ಕೆಳಗೆ ಮಾಡಿ ನೀರು ಬಸಿ, ಬೈರಾಸಿನ ತುದಿಯಿಂದ ಹೊರಗಷ್ಟೇ ಒರಸು.

ನಿನ್ನ ಇನ್ನೊಂದು ಚಾಳಿ ನನಗೆ ಗೊತ್ತು. ಮೂರನೇ ದಿನ ನೋವು ಹೋದ ಕೂಡಲೇ ಮದ್ದು ಬಿಡುವುದನ್ನೇ ಬಿಡುತ್ತೀ. ಬ್ಯಾಕ್ಟೀರಿಯಾಕ್ಕೆ ಸಾಮಾನ್ಯವಾಗಿ ಏಳರಿಂದ ಹತ್ತು ದಿನ ಬರೆಯುತ್ತಾರೆ, ಬೂಷ್ಟಿಗೆ ಎರಡು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಬರೆದಷ್ಟು ದಿನ ಬಿಡಬೇಕು. ಎರಡು ಮೂರು ದಿನದಲ್ಲಿ ಸ್ವಲ್ಪವೂ ಹಗುರಾಗದಿದ್ದರೆ ಅದೇ ಬಾಟ್ಲಿಯನ್ನು ಹೆಚ್ಚು ಸುರಿಯುವುದಲ್ಲ, ತಿರುಗಿ ಡಾಕ್ಟರಲ್ಲಿಗೆ ಹೋಗುವುದು. ಮದ್ದು ಬಿದ್ದ ಮೇಲೆ ಕಿವಿಹಾಳೆ ಕೆಂಪಾಗಿ ತುರಿಕೆ ಹೆಚ್ಚಿದರೆ ಆ ಮದ್ದೇ ನಿನಗೆ ಆಗುವುದಿಲ್ಲ ಎಂದೂ ಇರಬಹುದು.

ಅಜ್ಜಿ ಬೆಳ್ಳುಳ್ಳಿ ಎಣ್ಣೆ ಕಾಯಿಸಲು ಎದ್ದಿದ್ದಾಳೆ, ನೀನೇ ಹೋಗಿ ತಡಿ. ಪ್ರೀತಿಯ ಎಣ್ಣೆಯೇ, ಆದರೆ ಸೋರುವ ಕಿವಿಗೆ ಅದು ಬೇಡ. ಬಿಸಿ ಎಣ್ಣೆಗೆ ಚರ್ಮ ಸುಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಎಣ್ಣೆಯ ಜಿಡ್ಡಿನಲ್ಲಿ ಬೂಷ್ಟು ಇನ್ನಷ್ಟು ಸುಖವಾಗಿರುತ್ತದೆ. ಒಂದು ಕಡೆ ಮಾತ್ರ ಅಜ್ಜಿ ಹೇಳುವುದು ಸರಿ: ಇರುವೆಯೋ ಹುಳವೋ ಕಿವಿಗೆ ಹೊಕ್ಕು ಪರಪರ ಅನ್ನುತ್ತಿದ್ದರೆ, ತಮಟೆ ಗಟ್ಟಿ ಇರುವವರಿಗೆ ಬಿಸಿ ಮಾಡದ ತೆಂಗಿನೆಣ್ಣೆ ನಾಲ್ಕು ತೊಟ್ಟು ಬಿಟ್ಟರೆ ಅದು ಸಾಯುತ್ತದೆ. ಸತ್ತ ಹುಳವನ್ನು ತೆಗೆಯುವುದು ಡಾಕ್ಟ್ರು, ಪಿನ್ನು ಅಲ್ಲ.

ಮತ್ತೆ, ನಿನ್ನ ದೊಡ್ಡಪ್ಪನಿಗೆ ಶುಗರ್ ಉಂಟು. ಅವರು ಕಿವಿ ನೋವು ಅಂದರೆ ನಾಳೆ ನೋಡುವ ಅನ್ನಬೇಡ. ಶುಗರ್ ಇರುವ ವಯಸ್ಸಾದವರಲ್ಲಿ ಈ ಸೋಂಕು ಓಣಿ ಬಿಟ್ಟು ತಲೆಬುರುಡೆಯ ಎಲುಬಿಗೆ ಇಳಿಯುವುದುಂಟು. ರಾತ್ರಿ ನಿದ್ದೆಗೊಡದ ನೋವು, ಮುಖ ಒಂದು ಕಡೆ ವಾಲುವುದು, ಕಿವಿಯ ಹಿಂದೆ ಬಾವು, ಬಿಡದ ಜ್ವರ, ತಲೆಸುತ್ತು — ಇವುಗಳಲ್ಲಿ ಒಂದು ಕಂಡರೂ ಡ್ರಾಪ್ಸಿನ ಕಾಲ ಮುಗಿಯಿತು ಎಂದು ತಿಳಿದು ಅವತ್ತೇ ಗಾಡಿ ಮಾಡಿ ಕರಕೊಂಡು ಹೋಗು. ಯಾರಿಗೇ ಆದರೂ ಇದು ಅನ್ವಯ, ಶುಗರಿನವರಿಗೆ ಇಮ್ಮಡಿ.

ಕೊನೆಗೆ ಒಂದು ಲೆಕ್ಕ ಮಾಡು. 5 ಎಂಎಲ್ ಬಾಟ್ಲಿಯಲ್ಲಿ ಸುಮಾರು 100 ತೊಟ್ಟು. ಹೊತ್ತಿಗೆ ನಾಲ್ಕರಂತೆ ದಿನಕ್ಕೆ ಎರಡು ಸಲ, ಏಳು ದಿನ ಬಿಟ್ಟರೆ ಮುಗಿಯುವುದು 56. ಉಳಿದ 44 ಎಲ್ಲಿ ಹೋಗುತ್ತದೆ? ಫ್ರಿಜ್ಜಿನ ಮೇಲೆ, ದೇವರ ಫೋಟೋದ ಹಿಂದೆ, ಬಸ್ಸಿನ ಟಿಕೇಟು ಹಾಕಿದ ಡಬ್ಬದಲ್ಲಿ. ಮುಂದಿನ ಆಟಿಯಲ್ಲಿ ತಂಗಿಗೆ, ಅದರ ಮುಂದಿನ ಆಟಿಯಲ್ಲಿ ನೆರೆಮನೆಯವರಿಗೆ. ಮುಚ್ಚಳ ಬಿಚ್ಚಿದ ಡ್ರಾಪ್ಸಿನ ಆಯುಷ್ಯ ಹೆಚ್ಚೆಂದರೆ ಒಂದು ತಿಂಗಳು. ಡಬ್ಬಿಯ ಮೇಲಿನ ತಾರೀಕು ಬಿಚ್ಚದ ಬಾಟ್ಲಿಯದು. ಬಿಚ್ಚಿದ ದಿನವೇ ಪೆನ್ನಿನಿಂದ ತಾರೀಕು ಬರೆದಿಡು. ಕಣ್ಣಿಗೆ ಬಿಡುವ ಬಾಟ್ಲಿಯ ಹತ್ತಿರ ಅದನ್ನು ಇಡಲೇಬೇಡ. ಕಣ್ಣಿನ ಮದ್ದನ್ನು ಡಾಕ್ಟ್ರು ಹೇಳಿದರೆ ಕಿವಿಗೆ ಬಿಡಬಹುದು, ಕಿವಿಗೆಂದೇ ಮಾಡಿದ್ದು ಕಣ್ಣಿಗೆ ಬಿದ್ದರೆ ಕಣ್ಣು ಸುಡುತ್ತದೆ.

ಈಗ ಎದ್ದು ಹೋಗಿ ಫ್ರಿಜ್ಜಿನ ಮೇಲೆ ಕೈಯಾಡಿಸು. ಹೋದ ವರ್ಷದ್ದು ಒಂದು ಬಾಟ್ಲಿ ಅಲ್ಲೇ ಉಂಟು, ನಾನು ಬೆಳಿಗ್ಗೆ ನೋಡಿದ್ದೇನೆ. ಅದನ್ನು ಇವತ್ತೇ ಬಿಸಾಡು. ಬೆರಳನ್ನು ಕಿವಿಯಿಂದ ತೆಗಿ, ನಾಳೆ ಬೆಳಿಗ್ಗೆ ಆಸ್ಪತ್ರೆಗೆ ನಾನೂ ಬರುತ್ತೇನೆ.